ಮಾಧವ ಮೆನನ್, ಎನ್. ಆರ್.

ಎನ್. ಆರ್. ಮಾಧವ ಮೆನನ್ (1935-2019) ಭಾರತದ ಕಾನೂನು ಪ್ರಾಧ್ಯಾಪಕರು, ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಸ್ಥಾಪಕ ನಿರ್ದೇಶಕರು. ಪಿಯುಸಿ ಮುಗಿಸಿದ ಕೂಡಲೇ ಸೇರಬಹುದಾದ ಐದು ವರ್ಷಗಳ ಸಂಯೋಜಿತ ಕಾನೂನು ಪದವಿಯನ್ನು ಈ ದೇಶದಲ್ಲಿ ನೆಲೆಗೊಳಿಸಿದವರಲ್ಲಿ ಪ್ರಮುಖರು. ಮುಂದೆ ಕೋಲ್ಕತ್ತದ ಪಶ್ಚಿಮ ಬಂಗಾಳ ರಾಷ್ಟ್ರೀಯ ನ್ಯಾಯಶಾಸ್ತ್ರ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿಯೂ ಭೋಪಾಲದ ರಾಷ್ಟ್ರೀಯ ನ್ಯಾಯಿಕ ಅಕಾಡೆಮಿಯ ಸ್ಥಾಪಕ ನಿರ್ದೇಶಕರಾಗಿಯೂ ಕೆಲಸ ಮಾಡಿದರು. ಒಬ್ಬರೇ ಅಧ್ಯಾಪಕರು ಮೂರು ರಾಷ್ಟ್ರೀಯ ಕಾನೂನು ಸಂಸ್ಥೆಗಳನ್ನು ಮೊದಲಿನಿಂದ ಕಟ್ಟಿ ನಿಲ್ಲಿಸಿದ ಉದಾಹರಣೆ ಭಾರತದ ಉನ್ನತ ಶಿಕ್ಷಣದಲ್ಲಿ ವಿರಳ.

ಈ ಲೇಖನದಲ್ಲಿ ಕಾನೂನು ಶಾಲೆ ಎಂದರೆ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಆಫ್ ಇಂಡಿಯಾ ಯೂನಿವರ್ಸಿಟಿ; ಕಾನೂನು ಕಾಲೇಜು ಎಂದರೆ ವಿಶ್ವವಿದ್ಯಾಲಯವೊಂದಕ್ಕೆ ಸಂಯೋಜನೆಗೊಂಡ ಸಾಮಾನ್ಯ ಕಾಲೇಜು; ಕುಲಾಧಿಪತಿ ಎಂದರೆ ಚಾನ್ಸಲರ್, ಕುಲಪತಿ ಎಂದರೆ ವೈಸ್ ಚಾನ್ಸಲರ್.

ಜನನ, ಶಿಕ್ಷಣ

ಮೆನನ್ 1935ರ ಮೇ 4ರಂದು ತಿರುವನಂತಪುರದಲ್ಲಿ ಜನಿಸಿದರು. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಪ್ರಾಣಿಶಾಸ್ತ್ರದಲ್ಲಿ ವಿಜ್ಞಾನ ಪದವಿ, ಬಳಿಕ ಕೇರಳದಲ್ಲೇ ಕಾನೂನು ಪದವಿ ಪಡೆದು 1956ರಲ್ಲಿ ವಕೀಲರಾಗಿ ನೋಂದಾಯಿಸಿಕೊಂಡರು. ಅವರು ವಕೀಲಿ ನಡೆಸಿದ್ದು ಸ್ವಲ್ಪ ಕಾಲ ಮಾತ್ರ. ದೆಹಲಿಗೆ ಹೋಗಿ ಕೇಂದ್ರ ಸಚಿವಾಲಯದ ನೌಕರಿಗೆ ಸೇರಿದರು. ಅದನ್ನು ಬಿಟ್ಟು ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಎಲ್ಎಲ್.ಎಂ. ಓದಿ, ಅಲ್ಲಿಯೇ ಪಿಎಚ್.ಡಿ. ಪದವಿಯನ್ನೂ ಪಡೆದರು.

ಅಧ್ಯಾಪನ

ಅಲೀಗಢದಲ್ಲಿ ಓದುತ್ತಲೇ ಪಾಠ ಹೇಳಲು ತೊಡಗಿದ ಮೆನನ್, 1960ರ ದಶಕದ ಮಧ್ಯಭಾಗದಲ್ಲಿ ದೆಹಲಿ ವಿಶ್ವವಿದ್ಯಾಲಯದ ಕಾನೂನು ನಿಕಾಯಕ್ಕೆ ಬಂದರು. ಆ ನಿಕಾಯ ಆಗ ದೊಡ್ಡ ಬದಲಾವಣೆಯ ಹೊಸ್ತಿಲಲ್ಲಿತ್ತು. ಪಿ. ಬಿ. ಗಜೇಂದ್ರಗಡ್ಕರ್ ಅಧ್ಯಕ್ಷತೆಯ ಸಮಿತಿ 1964ರಲ್ಲಿ ನೀಡಿದ ಶಿಫಾರಸಿನಂತೆ ಎಲ್ಎಲ್.ಬಿ. ಪದವಿಯ ಅವಧಿ ಮೂರು ವರ್ಷಕ್ಕೆ ಏರಿತು. ಉಪನ್ಯಾಸದ ಬದಲು ತೀರ್ಪು ಆಧಾರಿತ ಬೋಧನೆ ಜಾರಿಗೆ ಬಂತು. ತೀರ್ಪುಗಳನ್ನೇ ಪಠ್ಯವಾಗಿಟ್ಟುಕೊಂಡು ಪ್ರಶ್ನೋತ್ತರದ ಮೂಲಕ ಕಾನೂನು ಕಲಿಸುವ ಈ ಕ್ರಮವನ್ನು 1870ರಲ್ಲಿ ಹಾರ್ವರ್ಡ್ ಕಾನೂನು ಶಾಲೆಯ ಡೀನ್ ಕ್ರಿಸ್ಟೋಫರ್ ಕೊಲಂಬಸ್ ಲ್ಯಾಂಗ್‌ಡೆಲ್ ಆರಂಭಿಸಿದ್ದರು. ಭಾರತದಲ್ಲಿ ಅದನ್ನು ವ್ಯವಸ್ಥಿತವಾಗಿ ಕೈಗೆತ್ತಿಕೊಂಡ ಮೊದಲಿಗರಲ್ಲಿ ದೆಹಲಿಯ ಅಧ್ಯಾಪಕರು ಸೇರುತ್ತಾರೆ. ಮೆನನ್ ಅವರ ಬೋಧನಾ ಶೈಲಿ ರೂಪುಗೊಂಡದ್ದು ಈ ವಾತಾವರಣದಲ್ಲಿ.

ದೆಹಲಿಯ ಎರಡು ದಶಕಗಳಲ್ಲಿ ಅವರು ಕ್ಯಾಂಪಸ್ ಲಾ ಸೆಂಟರಿನ ಮುಖ್ಯಸ್ಥರಾದರು, ನಡುವೆ ಪುದುಚೇರಿಯ ಸರ್ಕಾರಿ ಕಾನೂನು ಕಾಲೇಜಿನ ಪ್ರಾಂಶುಪಾಲರೂ ಆಗಿದ್ದರು. ಭಾರತೀಯ ವಕೀಲರ ಪರಿಷತ್ತಿನ ಟ್ರಸ್ಟ್‌ಗೆ ಕಾರ್ಯದರ್ಶಿಯಾಗಿ ದುಡಿದದ್ದೂ ಈ ಅವಧಿಯಲ್ಲಿಯೇ. ಈ ಕೊನೆಯ ಹೊಣೆ ಅವರ ಮುಂದಿನ ಬದುಕಿನ ದಿಕ್ಕನ್ನು ನಿರ್ಧರಿಸಿತು. ವಿಶ್ವವಿದ್ಯಾಲಯದ ಅಧ್ಯಾಪಕರಿಗೂ ನ್ಯಾಯಾಲಯದ ವಕೀಲರಿಗೂ ಅಷ್ಟಾಗಿ ಮಾತುಕತೆ ಇಲ್ಲದಿದ್ದ ಕಾಲದಲ್ಲಿ ಎರಡೂ ಕಡೆಯವರ ನಂಬಿಕೆ ಗಳಿಸಿದ್ದ ಅಧ್ಯಾಪಕರು ಅವರಾಗಿದ್ದರು.

ಕಾನೂನು ನೆರವಿನ ಕೆಲಸವೂ ದೆಹಲಿಯಲ್ಲೇ ಮೊದಲಾಯಿತು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅಧ್ಯಕ್ಷತೆಯ ತಜ್ಞರ ಸಮಿತಿಯು 1973ರ ವರದಿಯಲ್ಲಿ, ಬಡವರಿಗೆ ಕಾನೂನು ನೆರವು ನೀಡುವ ಕೆಲಸದಲ್ಲಿ ಕಾನೂನು ವಿದ್ಯಾರ್ಥಿಗಳನ್ನು ತೊಡಗಿಸಬೇಕೆಂದು ಹೇಳಿತ್ತು. 1976ರಲ್ಲಿ ಸಂವಿಧಾನದ 42ನೆಯ ತಿದ್ದುಪಡಿಯಿಂದ ಸೇರಿದ 39ಎ ವಿಧಿಯು ಉಚಿತ ಕಾನೂನು ನೆರವನ್ನು ರಾಜ್ಯನೀತಿಯ ನಿರ್ದೇಶಕ ತತ್ತ್ವವಾಗಿಸಿತು. ವಿದ್ಯಾರ್ಥಿಯು ಕಕ್ಷಿದಾರರ ಎದುರು ಕುಳಿತು ಕಲಿಯುವ ಕಾನೂನು ನೆರವು ಕ್ಲಿನಿಕ್‌ಗಳನ್ನು ಪಠ್ಯಕ್ರಮದ ಒಳಗೆ ತರಬೇಕೆಂದು ಮೆನನ್ ಮೊದಲಿನಿಂದಲೂ ವಾದಿಸಿದರು.

ಹಿನ್ನೆಲೆ: ಕಾನೂನು ಕಾಲೇಜುಗಳ ಸ್ಥಿತಿ

ಮೆನನ್ ಬೆಂಗಳೂರಿಗೆ ಬರುವ ಹೊತ್ತಿಗೆ ದೇಶದ ಹೆಚ್ಚಿನ ಕಾನೂನು ಕಾಲೇಜುಗಳು ಬೆಳಗಿನ ಅಥವಾ ಸಂಜೆಯ ಕಾಲೇಜುಗಳಾಗಿದ್ದವು. ಪಾಠ ಹೇಳುವವರು ಬಿಡುವಿನ ವೇಳೆಯಲ್ಲಿ ಬರುವ ವಕೀಲರು; ಕೇಳುವವರು ಹಗಲು ನೌಕರಿ ಮಾಡಿ ಬರುವವರು, ಇಲ್ಲವೇ ಬೇರೆ ಕೋರ್ಸಿನಲ್ಲಿ ಸೀಟು ಸಿಗದೆ ಬಂದವರು. ಹಾಜರಾತಿ ಹೆಸರಿಗಷ್ಟೇ ಇರುತ್ತಿತ್ತು. ವರ್ಷದ ಕೊನೆಯ ಪರೀಕ್ಷೆಗೆ ಗೈಡು ಓದಿಕೊಂಡರೆ ಪದವಿ ಕೈಗೆ ಬರುತ್ತಿತ್ತು. ಇದಕ್ಕೆ ಅಪವಾದಗಳಿದ್ದವು. 1939ರಲ್ಲಿ ಆರಂಭವಾದ ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜಿನಂಥ ಸಂಸ್ಥೆಗಳಲ್ಲಿ ಓದಿದವರು ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಸ್ಥಾನಕ್ಕೂ ಏರಿದ್ದಾರೆ. ಆದರೆ ಅಪವಾದಗಳ ಬಲದಿಂದ ಇಡೀ ವ್ಯವಸ್ಥೆ ನಡೆಯುವಂತಿರಲಿಲ್ಲ.

ವಕೀಲರ ಅಧಿನಿಯಮ, 1961ರ 7ನೆಯ ಕಲಮು ಕಾನೂನು ಶಿಕ್ಷಣವನ್ನು ಉತ್ತೇಜಿಸುವ ಹಾಗೂ ವಿಶ್ವವಿದ್ಯಾಲಯಗಳೊಂದಿಗೆ ಸಮಾಲೋಚಿಸಿ ಅದರ ಮಟ್ಟವನ್ನು ಗೊತ್ತುಪಡಿಸುವ ಕೆಲಸವನ್ನು ಭಾರತೀಯ ವಕೀಲರ ಪರಿಷತ್ತಿಗೆ ವಹಿಸಿದೆ. ಈ ಅಧಿಕಾರದಡಿ ಪರಿಷತ್ತು 1982ರಲ್ಲಿ ಐದು ವರ್ಷಗಳ ಸಂಯೋಜಿತ ಕೋರ್ಸಿನ ಕಡೆಗೆ ತಿರುಗಿತು. ಆದರೆ ನಿಯಮ ಮಾಡಿದ ಮಾತ್ರಕ್ಕೆ ಕಾಲೇಜುಗಳು ಬದಲಾಗಲಿಲ್ಲ. ಹೊಸ ಕೋರ್ಸನ್ನು ಹೇಗೆ ನಡೆಸಬಹುದೆಂದು ಮಾಡಿ ತೋರಿಸುವ ಸಂಸ್ಥೆಯೊಂದು ಬೇಕಾಗಿತ್ತು. ಪರಿಷತ್ತು ತಾನೇ ಶಾಲೆ ತೆರೆಯಬಹುದಿತ್ತಾದರೂ ಪದವಿ ಕೊಡುವ ಅಧಿಕಾರ ಅದಕ್ಕಿರಲಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ ಅಧಿನಿಯಮದಂತೆ ಆ ಅಧಿಕಾರ ಶಾಸನದಿಂದ ಸ್ಥಾಪಿತವಾದ ಅಥವಾ ವಿಶ್ವವಿದ್ಯಾಲಯವೆಂದು ಪರಿಗಣಿತವಾದ ಸಂಸ್ಥೆಗಳಿಗೆ ಮಾತ್ರ ಇದೆ. ಆದ್ದರಿಂದ ರಾಜ್ಯವೊಂದರ ಶಾಸನಸಭೆಯ ನೆರವು ಅಗತ್ಯವಾಯಿತು. ಆ ನೆರವು ಕರ್ನಾಟಕದಿಂದ ಬಂತು.

ಬೆಂಗಳೂರಿನ ಕಾನೂನು ಶಾಲೆ

ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿದ್ದಾಗ ಕರ್ನಾಟಕ ವಿಧಾನಮಂಡಲ ಭಾರತದ ರಾಷ್ಟ್ರೀಯ ಕಾನೂನು ಶಾಲೆ ಅಧಿನಿಯಮವನ್ನು (1986ರ ಕರ್ನಾಟಕ ಅಧಿನಿಯಮ 22) ಅಂಗೀಕರಿಸಿತು. ವಕೀಲರ ಪರಿಷತ್ತಿನ ಆಹ್ವಾನದ ಮೇಲೆ ಮೆನನ್ ದೆಹಲಿ ಬಿಟ್ಟು ಬೆಂಗಳೂರಿಗೆ ಬಂದರು. ಅಧಿನಿಯಮ 1987ರ ಆಗಸ್ಟ್ 29ರಂದು ಜಾರಿಗೆ ಬಂತು. 1988ರ ಜುಲೈ 1ರಂದು ಮೊದಲ ತಂಡದ ತರಗತಿಗಳು ಆರಂಭವಾದವು. ಆಗ ಶಾಲೆಗೆ ಸ್ವಂತ ಕಟ್ಟಡವಿರಲಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಸೆಂಟ್ರಲ್ ಕಾಲೇಜು ಆವರಣದಲ್ಲಿ ಪಾಠಗಳು ನಡೆದವು. 1990ರ ದಶಕದ ಆರಂಭದಲ್ಲಿ ಶಾಲೆ ನಾಗರಭಾವಿಯ, ಜ್ಞಾನಭಾರತಿಗೆ ಹೊಂದಿಕೊಂಡ 23 ಎಕರೆ ಆವರಣಕ್ಕೆ ಸ್ಥಳಾಂತರವಾಯಿತು. ಫೋರ್ಡ್ ಪ್ರತಿಷ್ಠಾನ ಆರಂಭದ ವರ್ಷಗಳಲ್ಲಿ ಧನಸಹಾಯ ನೀಡಿತು.

ಮೊದಲ ತಂಡ 1993ರಲ್ಲಿ ಪದವಿ ಪಡೆಯಿತು. ಮೆನನ್ 1998ರವರೆಗೆ, ಅಂದರೆ ಹನ್ನೆರಡು ವರ್ಷ, ಬೆಂಗಳೂರಿನಲ್ಲಿದ್ದರು.

ಆಡಳಿತ ರಚನೆ

ಭಾರತದ ವಿಶ್ವವಿದ್ಯಾಲಯಗಳಲ್ಲಿ ಡೀನ್ ಎಂದರೆ ನಿಕಾಯದ ಮುಖ್ಯಸ್ಥ. ಸಾಮಾನ್ಯವಾಗಿ ಹಿರಿತನದ ಸರದಿಯಂತೆ ಕೆಲವು ವರ್ಷಗಳ ಮಟ್ಟಿಗೆ ಈ ಸ್ಥಾನ ಬರುತ್ತದೆ. ಅಧ್ಯಾಪಕರ ನೇಮಕ, ಹಣಕಾಸು, ಪರೀಕ್ಷೆ ಯಾವುದೂ ಅವರ ಕೈಯಲ್ಲಿರುವುದಿಲ್ಲ. ಅಮೆರಿಕದ ಕಾನೂನು ಶಾಲೆಯ ಡೀನ್ ಇದಕ್ಕಿಂತ ಭಿನ್ನ: ಅಧ್ಯಾಪಕರ ಆಯ್ಕೆ, ಪ್ರವೇಶ, ಪಠ್ಯಕ್ರಮ, ದೇಣಿಗೆ ಸಂಗ್ರಹ ಇವೆಲ್ಲ ಅವರ ಹೊಣೆ. ಬೆಂಗಳೂರಿನ ಶಾಲೆಯ ನಿರ್ದೇಶಕ ಹುದ್ದೆಯಲ್ಲಿ ಡೀನ್‌ನ ಶೈಕ್ಷಣಿಕ ಹೊಣೆಯೂ ಕುಲಪತಿಯ ಆಡಳಿತಾಧಿಕಾರವೂ ಒಂದಾದವು. ಬೇರೆ ನಿಕಾಯಗಳಿಲ್ಲದ, ಕಾನೂನೊಂದನ್ನೇ ಕಲಿಸುವ ವಿಶ್ವವಿದ್ಯಾಲಯವಾದ್ದರಿಂದ ಇದು ಸಾಧ್ಯವಾಯಿತು. ಮೆನನ್ ಅವರ ಸಾಧನೆಯನ್ನು ಅಳೆಯುವಾಗ ಈ ರಚನೆಯನ್ನು ಮರೆಯುವಂತಿಲ್ಲ. ದೆಹಲಿಯಲ್ಲಿ ಮುಖ್ಯಸ್ಥರಾಗಿದ್ದರೂ ಮಾಡಲಾಗದ್ದನ್ನು ಅವರು ಬೆಂಗಳೂರಿನಲ್ಲಿ ಮಾಡಿದ್ದಕ್ಕೆ ಸಾಮರ್ಥ್ಯದಷ್ಟೇ ಅಧಿಕಾರವೂ ಕಾರಣ.

ಅಧಿನಿಯಮದಂತೆ ಭಾರತದ ಮುಖ್ಯ ನ್ಯಾಯಮೂರ್ತಿ ಶಾಲೆಯ ಕುಲಾಧಿಪತಿ. ರಾಜ್ಯದ ಬೇರೆ ವಿಶ್ವವಿದ್ಯಾಲಯಗಳಲ್ಲಿ ಈ ಸ್ಥಾನ ರಾಜ್ಯಪಾಲರದು. ಮೆನನ್ ಅವರ ಅವಧಿಯಲ್ಲಿ ಮುಖ್ಯ ನ್ಯಾಯಮೂರ್ತಿಗಳಾಗಿದ್ದವರಲ್ಲಿ ಕನ್ನಡಿಗರಾದ ಇ. ಎಸ್. ವೆಂಕಟರಾಮಯ್ಯ (1989) ಮತ್ತು ಎಂ. ಎನ್. ವೆಂಕಟಾಚಲಯ್ಯ (1993-94) ಇದ್ದಾರೆ. ಶಾಲೆಯ ಪರಿಷತ್ತುಗಳಲ್ಲಿ ವಕೀಲರ ಪರಿಷತ್ತಿಗೆ ಗಟ್ಟಿಯಾದ ಸ್ಥಾನವಿದೆ. ಹೀಗೆ ನ್ಯಾಯಪೀಠ, ವಕೀಲವರ್ಗ, ಅಧ್ಯಾಪಕವರ್ಗ ಮೂರನ್ನೂ ಒಂದೇ ಸಂಸ್ಥೆಯ ಆಡಳಿತದಲ್ಲಿ ಕೂಡಿಸಿದ್ದು ಈ ಮಾದರಿಯ ತಿರುಳು. ನಂತರ ಬಂದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು ಇದೇ ಜಾಡಿನಲ್ಲಿ ನಡೆದರೂ, ಹಲವು ರಾಜ್ಯಗಳು ಕುಲಾಧಿಪತಿ ಸ್ಥಾನವನ್ನು ಆಯಾ ರಾಜ್ಯದ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗೆ ನೀಡಿದವು.

ಪಠ್ಯಕ್ರಮ ಮತ್ತು ಬೋಧನಾ ಕ್ರಮ

ಶಾಲೆಯ ಮೊದಲ ಕೋರ್ಸು ಬಿ.ಎ., ಎಲ್ಎಲ್.ಬಿ. (ಆನರ್ಸ್). ವರ್ಷವನ್ನು ಮೂರು ಅವಧಿಗಳಾಗಿ ವಿಂಗಡಿಸಿ, ಐದು ವರ್ಷಕ್ಕೆ ಹದಿನೈದು ಅವಧಿಗಳನ್ನು ಮಾಡಲಾಯಿತು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳು ಮೊದಲ ವರ್ಷಗಳಲ್ಲಿ ಕಾನೂನಿನ ಜೊತೆಗೇ ಬರುತ್ತವೆ. ಪದವಿ ಮುಗಿಸಿದ ಮೇಲೆ ಕಾನೂನು ಎಂಬ ಹಳೆಯ ಕ್ರಮವನ್ನು ಬಿಟ್ಟು ಎರಡನ್ನೂ ಹೆಣೆಯುವುದು ಇದರ ಉದ್ದೇಶ. ಸಮಾಜವಿಜ್ಞಾನದ ಅಧ್ಯಾಪಕರೂ ಕಾನೂನಿನ ಅಧ್ಯಾಪಕರೂ ಒಂದೇ ವಿಷಯವನ್ನು ಸೇರಿ ಬೋಧಿಸುವ ಸಹಬೋಧನೆಯನ್ನು ಮೆನನ್ ಜಾರಿಗೆ ತಂದರು. ಕುಟುಂಬ ಕಾನೂನಿನ ತರಗತಿಯಲ್ಲಿ ಉತ್ತರಾಧಿಕಾರದ ನಿಯಮವನ್ನು ಕಾನೂನಿನ ಅಧ್ಯಾಪಕರು ಹೇಳಿದರೆ, ಆ ನಿಯಮ ಯಾವ ಬಗೆಯ ಕುಟುಂಬವನ್ನು ಕಣ್ಣಮುಂದಿಟ್ಟುಕೊಂಡು ಹುಟ್ಟಿತು ಎಂಬುದನ್ನು ಸಮಾಜಶಾಸ್ತ್ರದವರು ವಿವರಿಸಬೇಕು ಎಂಬುದು ಈ ಕ್ರಮದ ಆಶಯ.

ತೀರ್ಪು ಆಧಾರಿತ ಬೋಧನೆಯಲ್ಲಿ ವಿದ್ಯಾರ್ಥಿ ತೀರ್ಪನ್ನು ಮೊದಲೇ ಓದಿಕೊಂಡು ಬರಬೇಕು. ಭಾರತದಲ್ಲಿ ಕರಾರು ಕಾನೂನು ಓದುವ ಬಹುತೇಕ ಎಲ್ಲರಿಗೂ ಪರಿಚಿತವಾದ ಲಾಲ್‌ಮನ್ ಶುಕ್ಲ ವಿರುದ್ಧ ಗೌರಿ ದತ್ತ್ (1913, ಅಲಹಾಬಾದ್ ಉಚ್ಚ ನ್ಯಾಯಾಲಯ) ಪ್ರಕರಣವನ್ನು ಇಲ್ಲಿ ನೋಡಬಹುದು. ಮನೆ ಬಿಟ್ಟು ಹೋದ ಹುಡುಗನನ್ನು ಹುಡುಕಲು ಯಜಮಾನ ತನ್ನ ಗುಮಾಸ್ತನನ್ನು ಕಳುಹಿಸುತ್ತಾನೆ. ಗುಮಾಸ್ತ ಹೊರಟ ಮೇಲೆ, ಹುಡುಗನನ್ನು ಪತ್ತೆ ಮಾಡಿದವರಿಗೆ 501 ರೂಪಾಯಿ ಬಹುಮಾನವೆಂದು ಕರಪತ್ರ ಹೊರಡಿಸುತ್ತಾನೆ. ಗುಮಾಸ್ತ ಬಹುಮಾನದ ವಿಷಯ ತಿಳಿಯದೆಯೇ ಹುಡುಗನನ್ನು ಹೃಷಿಕೇಶದಲ್ಲಿ ಪತ್ತೆ ಮಾಡುತ್ತಾನೆ. ಆಮೇಲೆ ಹಣ ಕೇಳಿ ದಾವೆ ಹೂಡುತ್ತಾನೆ. ಅಧ್ಯಾಪಕರು ನಿಯಮವನ್ನು ತಾವು ಹೇಳುವುದಿಲ್ಲ. ಸಂಗತಿಗಳೇನು, ವಿವಾದದ ಅಂಶ ಯಾವುದು, ದಾವೆ ವಜಾ ಆದದ್ದು ಪ್ರಸ್ತಾವದ ಅರಿವಿರಲಿಲ್ಲ ಎಂಬ ಕಾರಣಕ್ಕೋ, ಹುಡುಕುವುದು ಅವನ ನೌಕರಿಯ ಕರ್ತವ್ಯವೇ ಆಗಿತ್ತು ಎಂಬ ಕಾರಣಕ್ಕೋ ಎಂದು ಕೇಳುತ್ತಾರೆ. ಕರಪತ್ರ ನೋಡಿದ ಮೇಲೆ ಹುಡುಕಿದ್ದರೆ? ಅವನು ನೌಕರನಲ್ಲದೆ ದಾರಿಹೋಕನಾಗಿದ್ದರೆ? ಸಂಗತಿಯನ್ನು ಒಂದೊಂದಾಗಿ ಬದಲಿಸುತ್ತಾ ಹೋದಂತೆ ತೀರ್ಪಿನ ನಿರ್ಣಯಾಧಾರ ಎಲ್ಲಿದೆ ಎಂಬುದು ವಿದ್ಯಾರ್ಥಿಗೇ ಗೋಚರಿಸಬೇಕು. ಓದದೆ ಬಂದವರಿಗೆ ಇಂಥ ತರಗತಿಯಲ್ಲಿ ತಲೆತಪ್ಪಿಸಿಕೊಳ್ಳುವ ದಾರಿಯಿಲ್ಲ.

ಮೌಲ್ಯಮಾಪನದಲ್ಲಿ ಬಂದ ಬದಲಾವಣೆ ಇನ್ನೂ ದೊಡ್ಡದು. ವರ್ಷಾಂತ್ಯದ ಒಂದೇ ಪರೀಕ್ಷೆಯ ಬದಲು ಪ್ರತಿ ಅವಧಿಯಲ್ಲಿ, ಪ್ರತಿ ವಿಷಯಕ್ಕೆ ಪ್ರಾಜೆಕ್ಟ್ ಎಂಬ ಸಂಶೋಧನ ಪ್ರಬಂಧ ಕಡ್ಡಾಯವಾಯಿತು. ವಿದ್ಯಾರ್ಥಿ ವಿಷಯವನ್ನು ಗೊತ್ತುಮಾಡಿಕೊಂಡು, ಗ್ರಂಥಾಲಯದಲ್ಲಿ ತೀರ್ಪುಗಳನ್ನೂ ಲೇಖನಗಳನ್ನೂ ಹುಡುಕಿ, ಅಡಿಟಿಪ್ಪಣಿ ಸಮೇತ ಬರೆದು, ಗಡುವಿನೊಳಗೆ ಸಲ್ಲಿಸಿ, ಮೌಖಿಕ ಪರೀಕ್ಷೆಯಲ್ಲಿ ಸಮರ್ಥಿಸಿಕೊಳ್ಳಬೇಕು. ಐದು ವರ್ಷಗಳಲ್ಲಿ ಹೀಗೆ ಹತ್ತಾರು ಪ್ರಬಂಧಗಳಾಗುತ್ತವೆ. ಹಾಜರಾತಿಯನ್ನು ಕಟ್ಟುನಿಟ್ಟಾಗಿ ಲೆಕ್ಕಹಾಕಲಾಯಿತು. ಶಾಲೆ ವಸತಿಸಹಿತವಾದ್ದರಿಂದ ರಾತ್ರಿಯವರೆಗೂ ಗ್ರಂಥಾಲಯದ ಬಳಕೆ ಸಾಧ್ಯವಾಯಿತು. ಅಧ್ಯಾಪಕರು ಪೂರ್ಣಾವಧಿಯವರಾಗಿದ್ದರು, ನ್ಯಾಯಾಧೀಶರು, ಹಿರಿಯ ವಕೀಲರು ಅತಿಥಿಗಳಾಗಿ ಬಂದು ಪಾಠ ಮಾಡುತ್ತಿದ್ದರು.

ಅಣಕು ನ್ಯಾಯಾಲಯ ಪಠ್ಯಕ್ರಮದ ಭಾಗವಾಯಿತು. ಇದರ ಫಲ ಕಾಣಲು ಹೆಚ್ಚು ಕಾಲ ಬೇಕಾಗಲಿಲ್ಲ: ವಾಷಿಂಗ್ಟನ್‌ನಲ್ಲಿ ನಡೆಯುವ ಫಿಲಿಪ್ ಸಿ. ಜೆಸಪ್ ಅಂತರರಾಷ್ಟ್ರೀಯ ಕಾನೂನು ಅಣಕು ನ್ಯಾಯಾಲಯ ಸ್ಪರ್ಧೆಯನ್ನು ಬೆಂಗಳೂರಿನ ತಂಡ 1999ರಲ್ಲಿ ಗೆದ್ದಿತು. 2013ರಲ್ಲಿ ಮತ್ತೆ ಗೆದ್ದಿತು.

ಪ್ರಾಯೋಗಿಕ ಕಾನೂನು ಶಿಕ್ಷಣ

ಮೆನನ್ ಅವರ ಹೆಸರಿನೊಂದಿಗೆ ಬೇರ್ಪಡಿಸಲಾಗದಂತೆ ಸೇರಿಕೊಂಡಿರುವ ಪರಿಕಲ್ಪನೆ ಇದು. ವೈದ್ಯ ವಿದ್ಯಾರ್ಥಿ ಆಸ್ಪತ್ರೆಯ ವಾರ್ಡಿನಲ್ಲಿ ಕಲಿಯುವಂತೆ ಕಾನೂನು ವಿದ್ಯಾರ್ಥಿಯು ನಿಜವಾದ ಕಕ್ಷಿದಾರರ ನಿಜವಾದ ತೊಂದರೆಗಳ ನಡುವೆ, ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಕಲಿಯುವುದೇ ಪ್ರಾಯೋಗಿಕ ಕಾನೂನು ಶಿಕ್ಷಣ. ಕಕ್ಷಿದಾರರ ಸಂದರ್ಶನ, ಸಲಹೆ, ಸಂಧಾನ, ಅರ್ಜಿ ಮತ್ತು ವಾದಪತ್ರಗಳ ಕರಡು ತಯಾರಿ, ಸಾಕ್ಷಿ ವಿಚಾರಣೆ, ವೃತ್ತಿಧರ್ಮ ಇವು ಅದರ ಅಂಗಗಳು.

ಮೆನನ್ ಅವರ ನಿಲುವಿನಲ್ಲಿ ಇದಕ್ಕೆ ಎರಡು ಗುರಿಗಳಿದ್ದವು. ಮೊದಲನೆಯದು ಕೌಶಲ. ಎರಡನೆಯದು, ಅವರು ಹೆಚ್ಚು ಬೆಲೆ ಕೊಟ್ಟದ್ದು, ಸಾಮಾಜಿಕ ಹೊಣೆ. ಪಡಿತರ ಚೀಟಿಗೋ ಜೀವನಾಂಶಕ್ಕೋ ಕಾರ್ಮಿಕ ಪರಿಹಾರಕ್ಕೋ ಅಲೆಯುವವರ ಮಾತನ್ನು ಕೇಳಿ, ಅದರಲ್ಲಿ ಕಾನೂನಿನ ಅಂಶ ಯಾವುದೆಂದು ಹೆಕ್ಕಿ ತೆಗೆಯಲು ಕಲಿತ ವಿದ್ಯಾರ್ಥಿ ಬೇರೆ ಬಗೆಯ ವಕೀಲನಾಗುತ್ತಾನೆ ಎಂಬುದು ಅವರ ನಂಬಿಕೆ. ಬೆಂಗಳೂರಿನ ಶಾಲೆಯ ಕಾನೂನು ಸೇವಾ ಕ್ಲಿನಿಕ್ ಈ ನಂಬಿಕೆಯ ಮೇಲೆ ನಿಂತಿತು.

ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ 4ನೆಯ ಕಲಮು, ವಕೀಲರ ಪರಿಷತ್ತಿನೊಂದಿಗೆ ಸಮಾಲೋಚಿಸಿ ಪ್ರಾಯೋಗಿಕ ಕಾನೂನು ಶಿಕ್ಷಣದ ಕಾರ್ಯಕ್ರಮಗಳನ್ನು ರೂಪಿಸುವುದನ್ನೂ ಕಾನೂನು ಕಾಲೇಜುಗಳಲ್ಲಿ ಸೇವಾ ಕ್ಲಿನಿಕ್‌ಗಳ ಸ್ಥಾಪನೆಗೆ ಉತ್ತೇಜನ ನೀಡುವುದನ್ನೂ ರಾಷ್ಟ್ರೀಯ ಪ್ರಾಧಿಕಾರದ ಕರ್ತವ್ಯಗಳಲ್ಲಿ ಸೇರಿಸಿದೆ. ನ್ಯಾಯಮೂರ್ತಿ ಎ. ಎಂ. ಅಹ್ಮದಿ ನೇತೃತ್ವದ ನ್ಯಾಯಾಧೀಶರ ಸಮಿತಿ 1990ರ ದಶಕದ ಮಧ್ಯದಲ್ಲಿ ಪ್ರಾಯೋಗಿಕ ತರಬೇತಿಗೆ ಒತ್ತು ಕೊಟ್ಟಿತು. 1997ರಲ್ಲಿ ವಕೀಲರ ಪರಿಷತ್ತು ಎಲ್ಲ ಕಾನೂನು ಕಾಲೇಜುಗಳಿಗೂ ನಾಲ್ಕು ಪ್ರಾಯೋಗಿಕ ಪತ್ರಿಕೆಗಳನ್ನು ಕಡ್ಡಾಯ ಮಾಡಿತು. ಇವನ್ನು ಹೇಗೆ ಕಲಿಸಬೇಕೆಂದು ತಿಳಿಯದ ಅಧ್ಯಾಪಕರೇ ಹೆಚ್ಚಾಗಿದ್ದ ಸಂದರ್ಭದಲ್ಲಿ, 1998ರಲ್ಲಿ, ಮೆನನ್ ಸಂಪಾದಿಸಿದ ಪ್ರಾಯೋಗಿಕ ಕಾನೂನು ಶಿಕ್ಷಣದ ಕೈಪಿಡಿ ಹೊರಬಂತು. ಹಲವು ಕಾಲೇಜುಗಳಲ್ಲಿ ಈ ಪತ್ರಿಕೆಗಳು ದಿನಚರಿ ಪುಸ್ತಕ ತುಂಬಿಸುವ ಮಟ್ಟಕ್ಕೆ ಇಳಿದಿರುವುದು ನಿಜವೇ. ಆದರೂ ಇಂದು ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಕಾನೂನು ಓದುವವರು ಅಣಕು ನ್ಯಾಯಾಲಯದಲ್ಲಿ ವಾದಿಸಿಯೇ ಪದವಿ ಪಡೆಯುತ್ತಾರೆ ಎಂಬುದು ಸಣ್ಣ ಬದಲಾವಣೆಯಲ್ಲ.

ಪರಾಮರ್ಶೆ

ಶಾಲೆಯ ಕೆಲಸವನ್ನು ಹೊರಗಿನವರಿಂದ ಪರಿಶೀಲಿಸಲು ಅಮೆರಿಕದ ಮಾರ್ಕ್ ಗ್ಯಾಲಂಟರ್, ಶ್ರೀಲಂಕಾದ ಸಾವಿತ್ರಿ ಗುಣಶೇಖರ, ಇಂಗ್ಲೆಂಡಿನ ವಿಲಿಯಂ ಟ್ವೈನಿಂಗ್ ಅವರಿದ್ದ ತಜ್ಞರ ಮಂಡಳಿ ನೇಮಕವಾಗಿ 1996ರಲ್ಲಿ ವರದಿ ನೀಡಿತು. ಆರಂಭವಾಗಿ ಹತ್ತು ವರ್ಷವೂ ತುಂಬದ ಸಂಸ್ಥೆಯೊಂದು ತನ್ನ ಕೆಲಸವನ್ನು ಹೊರಗಿನ ತಜ್ಞರ ಮುಂದಿಡುವುದು ಆ ಕಾಲದ ಭಾರತೀಯ ವಿಶ್ವವಿದ್ಯಾಲಯಗಳಲ್ಲಿ ರೂಢಿಯಲ್ಲಿರಲಿಲ್ಲ.

ಕೋಲ್ಕತ್ತ ಮತ್ತು ಭೋಪಾಲ

1998ರಲ್ಲಿ ಮೆನನ್ ಕೋಲ್ಕತ್ತಕ್ಕೆ ಹೋದರು. ಜ್ಯೋತಿ ಬಸು ಅವರ ಸರ್ಕಾರವಿದ್ದಾಗ, 1999ರಲ್ಲಿ, ಪಶ್ಚಿಮ ಬಂಗಾಳದ ಶಾಸನಸಭೆ ರಾಷ್ಟ್ರೀಯ ನ್ಯಾಯಶಾಸ್ತ್ರ ವಿಶ್ವವಿದ್ಯಾಲಯ ಅಧಿನಿಯಮವನ್ನು ಅಂಗೀಕರಿಸಿತು. 2003ರವರೆಗೆ ಅವರು ಅಲ್ಲಿ ಕುಲಪತಿಯಾಗಿದ್ದರು. ಬೆಂಗಳೂರಿನ ರಚನೆಯೇ ಹೆಚ್ಚುಕಡಿಮೆ ಅಲ್ಲಿಯೂ ಬಂತು.

ಭೋಪಾಲದ ಕೆಲಸ ಬೇರೆ ಬಗೆಯದು. ರಾಷ್ಟ್ರೀಯ ನ್ಯಾಯಿಕ ಅಕಾಡೆಮಿ 1993ರಲ್ಲಿ ನೋಂದಣಿಯಾಗಿದ್ದರೂ ಅದರ ಆವರಣವನ್ನು ರಾಷ್ಟ್ರಪತಿ ಎ. ಪಿ. ಜೆ. ಅಬ್ದುಲ್ ಕಲಾಂ ಉದ್ಘಾಟಿಸಿದ್ದು 2002ರಲ್ಲಿ. ಅಲ್ಲಿ ಕಲಿಯಲು ಬರುವವರು ಸೇವೆಯಲ್ಲಿರುವ ನ್ಯಾಯಾಧೀಶರು. 2003ರಿಂದ 2006ರವರೆಗೆ ನಿರ್ದೇಶಕರಾಗಿದ್ದ ಮೆನನ್ ನ್ಯಾಯಾಧೀಶರ ನಿರಂತರ ಶಿಕ್ಷಣದ ಕಾರ್ಯಕ್ರಮಗಳನ್ನು ರೂಪಿಸಿದರು. ವಿದ್ಯಾರ್ಥಿ, ವಕೀಲ, ನ್ಯಾಯಾಧೀಶ ಈ ಮೂರು ಘಟ್ಟಗಳಲ್ಲೂ ಕಲಿಕೆ ನಡೆಯುತ್ತಿರಬೇಕು ಎಂಬ ಅವರ ವಿಚಾರ ಇದರೊಂದಿಗೆ ಪೂರ್ಣ ರೂಪ ಪಡೆಯಿತು. ನಿವೃತ್ತಿಯ ನಂತರ ತಿರುವನಂತಪುರದಲ್ಲಿ ವಕೀಲರ ತರಬೇತಿಗಾಗಿ ಸಂಸ್ಥೆಯೊಂದನ್ನು ನಡೆಸಿದರು.

ಸಮಿತಿಗಳು, ಆಯೋಗಗಳು

ಮೆನನ್ ಭಾರತದ ಕಾನೂನು ಆಯೋಗದ ಸದಸ್ಯರಾಗಿದ್ದರು. ಕರ್ನಾಟಕ ಮತ್ತು ಕೇರಳ ಉಚ್ಚ ನ್ಯಾಯಾಲಯಗಳ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ. ಎಸ್. ಮಳಿಮಠ ಅಧ್ಯಕ್ಷತೆಯಲ್ಲಿ 2000ದಲ್ಲಿ ರಚನೆಯಾದ ಅಪರಾಧ ನ್ಯಾಯ ವ್ಯವಸ್ಥೆಯ ಸುಧಾರಣಾ ಸಮಿತಿಯಲ್ಲೂ ಇದ್ದರು. 2003ರಲ್ಲಿ ಬಂದ ಆ ಸಮಿತಿಯ ವರದಿ, ಆರೋಪವನ್ನು ಸಂಶಯಾತೀತವಾಗಿ ಸಾಬೀತುಪಡಿಸಬೇಕೆಂಬ ಮಾನದಂಡವನ್ನು ಸಡಿಲಿಸಲು ಸೂಚಿಸಿದ್ದರಿಂದ ಮಾನವ ಹಕ್ಕುಗಳ ಸಂಘಟನೆಗಳ ತೀವ್ರ ಟೀಕೆಗೆ ಗುರಿಯಾಯಿತು. ಅಪರಾಧ ನ್ಯಾಯದ ರಾಷ್ಟ್ರೀಯ ನೀತಿಯ ಕರಡು ಸಿದ್ಧಪಡಿಸಿದ ಸಮಿತಿಗೂ (2007), ಸಮಾನ ಅವಕಾಶ ಆಯೋಗದ ಸ್ವರೂಪ ನಿರ್ಣಯಿಸಿದ ತಜ್ಞರ ತಂಡಕ್ಕೂ (2008) ಅವರೇ ಅಧ್ಯಕ್ಷರು. ಕೇಂದ್ರ-ರಾಜ್ಯ ಸಂಬಂಧಗಳ ಕುರಿತ ಪೂಂಛಿ ಆಯೋಗದಲ್ಲಿ ಸದಸ್ಯರು.

ಸಾಮಾನ್ಯ ಓದುಗರಿಗೆ ಹೆಚ್ಚು ಪರಿಚಿತವಾದದ್ದು 2014ರ ಸಮಿತಿ. ಸರ್ಕಾರಿ ಜಾಹೀರಾತುಗಳಲ್ಲಿ ತೆರಿಗೆದಾರರ ಹಣ ರಾಜಕೀಯ ಪ್ರಚಾರಕ್ಕೆ ಬಳಕೆಯಾಗುವುದನ್ನು ತಡೆಯಲು ಮಾರ್ಗಸೂಚಿ ರೂಪಿಸುವಂತೆ ಸರ್ವೋಚ್ಚ ನ್ಯಾಯಾಲಯ ಮೆನನ್ ನೇತೃತ್ವದಲ್ಲಿ ಮೂವರ ಸಮಿತಿಯನ್ನು ನೇಮಿಸಿತು. ಅದರ ವರದಿಯನ್ನು ಬಹುಮಟ್ಟಿಗೆ ಒಪ್ಪಿಕೊಂಡ ನ್ಯಾಯಾಲಯ 2015ರ ಮೇ 13ರ ತೀರ್ಪಿನಲ್ಲಿ ರಾಷ್ಟ್ರಪತಿ, ಪ್ರಧಾನಮಂತ್ರಿ, ಭಾರತದ ಮುಖ್ಯ ನ್ಯಾಯಮೂರ್ತಿ ಇವರನ್ನು ಬಿಟ್ಟು ಬೇರೆಯವರ ಭಾವಚಿತ್ರ ಹಾಕಬಾರದೆಂದಿತು. ರಾಜ್ಯಗಳ ಮನವಿಯ ಮೇರೆಗೆ 2016ರಲ್ಲಿ ರಾಜ್ಯಪಾಲರು, ಮುಖ್ಯಮಂತ್ರಿ ಮತ್ತು ಸಚಿವರ ಚಿತ್ರಗಳಿಗೂ ಅವಕಾಶ ದೊರೆಯಿತು.

ಗೌರವಗಳು

1994ರಲ್ಲಿ ಅಂತರರಾಷ್ಟ್ರೀಯ ವಕೀಲರ ಸಂಘದ ಗೌರವ, 2003ರಲ್ಲಿ ಪದ್ಮಶ್ರೀ ಲಭಿಸಿದವು. ಟರ್ನಿಂಗ್ ಪಾಯಿಂಟ್ ಅವರ ವೃತ್ತಿಜೀವನದ ಕಥನ. ಮೆನನ್ 2019ರ ಮೇ 8ರಂದು ತಿರುವನಂತಪುರದಲ್ಲಿ ನಿಧನರಾದರು. 2020ರಲ್ಲಿ ಮರಣೋತ್ತರವಾಗಿ ಪದ್ಮಭೂಷಣ ಪ್ರಶಸ್ತಿ ನೀಡಲಾಯಿತು.

ಮಾದರಿಯ ಹರಡುವಿಕೆ ಮತ್ತು ಮಿತಿಗಳು

ಬೆಂಗಳೂರಿನ ನಂತರ ಸುಮಾರು ಹತ್ತು ವರ್ಷ ಈ ಬಗೆಯ ಬೇರೆ ಸಂಸ್ಥೆ ಹುಟ್ಟಲಿಲ್ಲ. 1990ರ ದಶಕದ ಕೊನೆಯಲ್ಲಿ ಭೋಪಾಲ, ಹೈದರಾಬಾದ್, ಕೋಲ್ಕತ್ತ, ಜೋಧಪುರಗಳಲ್ಲಿ ಒಂದರ ಹಿಂದೊಂದು ಬಂದವು. ಈಗ ಇಪ್ಪತ್ತಕ್ಕೂ ಹೆಚ್ಚು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿವೆ. ಪ್ರತಿಯೊಂದೂ ಪ್ರತ್ಯೇಕ ಪ್ರವೇಶ ಪರೀಕ್ಷೆ ನಡೆಸುತ್ತಿದ್ದುದನ್ನು ಕೊನೆಗಾಣಿಸಿ 2008ರಲ್ಲಿ ಕ್ಲಾಟ್ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಶುರುವಾಯಿತು. ಮೊದಲ ವರ್ಷ ಅದನ್ನು ನಡೆಸಿಕೊಟ್ಟದ್ದು ಬೆಂಗಳೂರಿನ ಶಾಲೆಯೇ.

ಮೆನನ್ ಬಯಸಿದ್ದು ಜಿಲ್ಲಾ ನ್ಯಾಯಾಲಯಗಳಲ್ಲಿ, ಕಾನೂನು ನೆರವಿನಲ್ಲಿ, ನ್ಯಾಯಾಂಗ ಸೇವೆಯಲ್ಲಿ ಕೆಲಸ ಮಾಡುವ ವಕೀಲರನ್ನು. ಪದವೀಧರರಲ್ಲಿ ದೊಡ್ಡ ಭಾಗ ಹೋದದ್ದು ಕಾರ್ಪೊರೇಟ್ ಕಾನೂನು ಸಂಸ್ಥೆಗಳಿಗೆ, ವಿದೇಶಗಳಿಗೆ. ಈ ಬಗ್ಗೆ ಮೆನನ್ ತಮ್ಮ ಅಸಮಾಧಾನವನ್ನು ಸಾರ್ವಜನಿಕವಾಗಿಯೇ ಹೇಳಿಕೊಂಡಿದ್ದರು. ಶಾಲೆ 1991ರ ಆರ್ಥಿಕ ಉದಾರೀಕರಣದ ಹೊತ್ತಿನಲ್ಲೇ ಬೆಳೆದದ್ದು ಇದಕ್ಕೆ ಮುಖ್ಯ ಕಾರಣ. ಒಳ್ಳೆಯ ಇಂಗ್ಲಿಷ್, ಸಂಶೋಧನೆಯ ಅಭ್ಯಾಸ, ಗಡುವಿಗೆ ಸರಿಯಾಗಿ ಕೆಲಸ ಮುಗಿಸುವ ಶಿಸ್ತು ಇದ್ದ ಯುವ ವಕೀಲರು ಹೊಸ ಉದ್ಯಮಗಳಿಗೆ ಬೇಕಾಗಿದ್ದರು. ಅಂಥವರನ್ನೇ ಈ ಶಾಲೆ ಸಿದ್ಧಪಡಿಸಿತ್ತು.

ಇನ್ನೊಂದು ಮಿತಿ ಪ್ರವೇಶದ್ದು, ಮತ್ತು ಇದು ಹೆಚ್ಚು ಗಂಭೀರವಾದದ್ದು. ಕ್ಲಾಟ್ ನಡೆಯುವುದು ಇಂಗ್ಲಿಷಿನಲ್ಲಿ. ಕೋಚಿಂಗ್ ಶುಲ್ಕ, ಕಾಲೇಜು ಶುಲ್ಕ ಎರಡೂ ಹೆಚ್ಚು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗೆ ನಾಗರಭಾವಿ ಭೌಗೋಳಿಕವಾಗಿ ಹತ್ತಿರವಿದ್ದರೂ ಕೈಗೆಟಕುವುದು ಕಷ್ಟ. ಬೆಂಗಳೂರಿನ ಹಳೆಯ ವಿದ್ಯಾರ್ಥಿಯೂ ಕೋಲ್ಕತ್ತದಲ್ಲಿ ಪ್ರಾಧ್ಯಾಪಕರೂ ಆಗಿದ್ದ ಶಮ್ನಾದ್ ಬಶೀರ್ 2010ರಲ್ಲಿ ಆರಂಭಿಸಿದ ಇಡಿಯಾ ಎಂಬ ಯೋಜನೆ ಹಿಂದುಳಿದ ಹಿನ್ನೆಲೆಯ ಮಕ್ಕಳನ್ನು ಈ ಪರೀಕ್ಷೆಗೆ ಸಿದ್ಧಗೊಳಿಸುತ್ತಿದೆ. ಮೆನನ್ ಕಟ್ಟಿದ ಈ ಎರಡು ಸಂಸ್ಥೆಗಳ ನಂಟಿದ್ದವರೇ ಆ ಕೊರತೆಯನ್ನು ತುಂಬಲು ಮುಂದಾದದ್ದು ಗಮನಾರ್ಹ.

ಕರ್ನಾಟಕದಲ್ಲಿ ಹತ್ತು ವರ್ಷ ಓದಿದ ವಿದ್ಯಾರ್ಥಿಗಳಿಗೆ ಶೇ. 25ರಷ್ಟು ಸೀಟು ಮೀಸಲಿಡಲು ರಾಜ್ಯ ವಿಧಾನಮಂಡಲ 2020ರಲ್ಲಿ ಅಧಿನಿಯಮಕ್ಕೆ ತಿದ್ದುಪಡಿ ತಂದಿತು. ವಕೀಲರ ಪರಿಷತ್ತು ಮೊದಲಾದವರು ಪ್ರಶ್ನಿಸಿದಾಗ, ಶಾಲೆಯ ರಾಷ್ಟ್ರೀಯ ಸ್ವರೂಪವನ್ನು ಎತ್ತಿಹಿಡಿದ ಕರ್ನಾಟಕ ಉಚ್ಚ ನ್ಯಾಯಾಲಯ ಅದೇ ವರ್ಷದ ಸೆಪ್ಟೆಂಬರ್ 29ರಂದು ತಿದ್ದುಪಡಿಯನ್ನು ರದ್ದುಗೊಳಿಸಿತು. ಬಳಿಕ ಶಾಲೆ ತಾನೇ ರೂಪಿಸಿದ ಒಳಗೊಳ್ಳುವಿಕೆ ಯೋಜನೆಯಡಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಪಾಲು ನೀಡಿತು.

ಮೂರನೆಯದು, ಸಾಮಾನ್ಯ ಕಾನೂನು ಕಾಲೇಜುಗಳ ಪ್ರಶ್ನೆ. ದೇಶದ ವಕೀಲರಲ್ಲಿ ಬಹುಪಾಲು ಜನ ಇಂದಿಗೂ ಅಲ್ಲಿಂದಲೇ ಬರುತ್ತಾರೆ. ಕರ್ನಾಟಕದಲ್ಲಿ ಇಂಥ ಕಾಲೇಜುಗಳನ್ನು ಒಂದೇ ಸೂರಿನಡಿ ತರಲು 2009ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅಲ್ಲಿ ಕನ್ನಡದಲ್ಲೂ ಪರೀಕ್ಷೆ ಬರೆಯಬಹುದು. ನಾಗರಭಾವಿಯ ಬೋಧನಾ ಕ್ರಮ ಈ ಕಾಲೇಜುಗಳಿಗೆ ನಿಯಮಗಳ ರೂಪದಲ್ಲಿ ತಲುಪಿದೆ. ಪೂರ್ಣಾವಧಿ ಅಧ್ಯಾಪಕರು, ಗ್ರಂಥಾಲಯ, ಸಣ್ಣ ತರಗತಿ ಇವುಗಳ ರೂಪದಲ್ಲಿ ಇನ್ನೂ ತಲುಪಬೇಕಾಗಿದೆ. ಮೆನನ್ ಅವರ ಕೆಲಸದಲ್ಲಿ ಉಳಿದುಹೋದ ದೊಡ್ಡ ಭಾಗ ಇದು.

ಇಂದಿನ ಸ್ಥಿತಿ

ಕಾನೂನು ಶಾಲೆಯ ಮುಖ್ಯಸ್ಥರನ್ನು ಈಗ ಕುಲಪತಿ ಎಂದೇ ಕರೆಯಲಾಗುತ್ತದೆ. 2019ರಲ್ಲಿ ಆ ಸ್ಥಾನಕ್ಕೆ ಬಂದ ಸುಧೀರ್ ಕೃಷ್ಣಸ್ವಾಮಿ ಇದೇ ಶಾಲೆಯಲ್ಲಿ ಓದಿದವರು. ಐದು ವರ್ಷದ ಕೋರ್ಸಿನೊಂದಿಗೆ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಪದವಿಯೂ 2022ರಿಂದ ಪದವೀಧರರಿಗಾಗಿ ಮೂರು ವರ್ಷದ ಎಲ್ಎಲ್.ಬಿ. (ಆನರ್ಸ್) ಕೋರ್ಸೂ ನಡೆಯುತ್ತಿವೆ. ಕೇಂದ್ರ ಶಿಕ್ಷಣ ಸಚಿವಾಲಯದ ಎನ್ಐಆರ್‌ಎಫ್ ಶ್ರೇಯಾಂಕಪಟ್ಟಿಯಲ್ಲಿ ಕಾನೂನು ವಿಭಾಗ ಸೇರಿದ 2018ರಲ್ಲಿ ಈ ಶಾಲೆಗೆ ಮೊದಲ ಸ್ಥಾನ ಬಂತು. ಮುಂದಿನ ವರ್ಷಗಳಲ್ಲೂ ಅದು ಆ ಸ್ಥಾನವನ್ನು ಉಳಿಸಿಕೊಂಡಿದೆ.